ಕುಲಾವಿ ಹೊಲಿಯುವವನು

ಅಕ್ಟೋಬರಿನ ಎರಡನೆಯ ಸೋಮವಾರ.
ಎವನ್ಸ್‌ವಿಲ್, ನದಿಗೆ ಬೆನ್ನು ಮಾಡಿ ನಿಂತ ಹೋಟೆಲು,
ಕಿಟಕಿ ಪಕ್ಕದ ಮೇಜು ಇಪ್ಪತ್ತೆರಡು ವರ್ಷದಿಂದ ನನ್ನದು.
ಹಿಲ್ಡಿ ಕೇಳದೆಯೇ ಕಾಫಿ ಸುರಿಯುತ್ತಾಳೆ,
"ಈ ಸಲ ಮೊದಲು ಯಾರು, ಲೊವೆಲ್?" ಎನ್ನುತ್ತಾಳೆ,
ಉತ್ತರಕ್ಕೆ ನಿಲ್ಲದೆ ಹೋಗುತ್ತಾಳೆ.

ಇನ್ನೂ ಒಂದು ಚೆಂಡೂ ಪುಟಿದಿಲ್ಲ.
ಊರೂರ ಅಂಗಣಗಳಲ್ಲಿ ಮರದ ನೆಲಕ್ಕೆ ಬಳಿದ ಮೆರುಗು
ಒಣಗಿಲ್ಲ ಇನ್ನೂ.
ಕೂಸು ಹುಟ್ಟಿಲ್ಲ; ನಾನಿಲ್ಲಿ ಕುಲಾವಿ ಹೊಲಿಯುತ್ತಿದ್ದೇನೆ,
ನೂರು ತಲೆಗೆ ನೂರು,
ಅಳತೆ ತೆಗೆಯದೆ.

ಮೊದಲ ಹತ್ತು ಸಲೀಸು.
ಓಡಮ್, ಪಡೂಕಾದ ಹುಡುಗ, ಏಳಡಿ,
ಬಾಗಿಲು ಬಾಗಿಲಿಗೂ ಬಗ್ಗಿ ಬಗ್ಗಿ ವಿನಯ ಕಲಿತವನು,
ಅವನನ್ನು ಕುರುಡನೂ ತಲೆಗಿಡುತ್ತಾನೆ.
ಹದಿನೈದರವರೆಗೆ ಕೈ ನಡುಗದು.
ಆಮೇಲೆ ಮಂಜು.
ನಲವತ್ತೆರಡಕ್ಕೂ ನಲವತ್ತಮೂರಕ್ಕೂ ನಡುವೆ
ಒಂದು ಗುಟುಕು ಕಾಫಿ ಇದೆ, ಅಷ್ಟೆ.
ಮೂರು ವರ್ಷಕ್ಕೆ ಮೂರು ಕಾಲೇಜು ಬದಲಿಸಿದವನೊಬ್ಬ:
ಈಗಿನ ಅಂಗಿಯ ಬಣ್ಣ ನೆನಪಾಗಲಿಲ್ಲ,
ಐವತ್ತೆಂಟಕ್ಕೆ ಇಳಿದ.
ಲಿಥುವೇನಿಯಾದಿಂದ ಬಂದ ಇನ್ನೊಬ್ಬ
ಹೆಸರಿನಲ್ಲಿ ಅಕ್ಷರ ತಪ್ಪೀತೆಂಬ ಭಯಕ್ಕೇ
ಪಟ್ಟಿಯ ಹೊರಗೆ.

ಮಾರ್ಚ್ ಹೊತ್ತಿಗೆ ಯಾರೂ ಇದನ್ನು ತೆಗೆದು ನೋಡುವುದಿಲ್ಲ.
ಕುಲಾವಿ ದೊಗಳೆಯಾದರೆ
ತಲೆ ಸಣ್ಣದು ಎನ್ನುತ್ತಾರೆ.

ಹೋದ ವರ್ಷ ಗ್ಯಾರಿಯಿಂದ ಒಂದು ಫೋನು.
"ನಾನು ಲುರ್ಲೀನ್ ಪೆಟಿಫೋರ್ಡ್. ತೊಂಬತ್ತೊಂದರವನ ತಾಯಿ."
ಬೈಗುಳಕ್ಕೆ ಕಿವಿ ಗಟ್ಟಿ ಮಾಡಿಕೊಂಡೆ.
ಬೈಯಲಿಲ್ಲ ಆಕೆ. ಕೇಳಿದಳು:
"ತೊಂಬತ್ತರವನು ಏನು ಮಾಡುತ್ತಾನೆ, ನಮ್ಮ ಟೆರೆಲ್ ಮಾಡದ್ದು?
ಹೇಳಿ. ಅದನ್ನೂ ಮಾಡುತ್ತಾನೆ."

ಟೆರೆಲನನ್ನು ನಾನು ನೋಡಿದ್ದು ಹನ್ನೊಂದು ನಿಮಿಷ,
ವಿಡಿಯೊದಲ್ಲಿ, ಸದ್ದಡಗಿಸಿ,
ಪಕ್ಕದಲ್ಲಿ ಹೆಂಡತಿ ಮಲಗಿದ್ದಳು.
ತೊಂಬತ್ತರವನನ್ನು ಒಂಬತ್ತು.
ಫೋನಿನ ಆ ತುದಿಯಲ್ಲಿ ಬಟ್ಟೆ ಒಗೆಯುವ ಯಂತ್ರ
ಸುತ್ತುತ್ತಿತ್ತು, ನಿಂತು, ಮತ್ತೆ ಸುತ್ತುತ್ತಿತ್ತು.
ಅಷ್ಟು ಹೊತ್ತು ಸುಮ್ಮನಿದ್ದೆ.
"ರಕ್ಷಣೆ," ಎಂದೆ ಕೊನೆಗೆ. "ಎಡಗಡೆಗೆ ಸರಿಯುವಾಗ
ಕಾಲು ಒಂದು ಚೂರು ತಡ."
ನಾಲಗೆಯ ಮೇಲೆ ಆಗಷ್ಟೇ ಹುಟ್ಟಿದ ಮಾತು.
"ಎಡಗಡೆ," ಎಂದಳು.
ಬರೆದುಕೊಳ್ಳುತ್ತಿದ್ದಳು. ಪೆನ್ಸಿಲಿನ ಸದ್ದು ಕೇಳಿಸಿತು.
ಥ್ಯಾಂಕ್ಸ್ ಬೇರೆ ಹೇಳಿದಳು.

ಫೆಬ್ರವರಿಯಲ್ಲಿ ಅವನ ಮೊಣಕಾಲು ಹೋಯಿತು.
ಎದುರಾಳಿಯನ್ನು ತಡೆಯುತ್ತಿದ್ದಾಗ, ಎಂದಿತ್ತು ವರದಿ;
ಯಾವ ಕಡೆಗೆ ಸರಿಯುತ್ತಿದ್ದ, ಬರೆದಿರಲಿಲ್ಲ.
ವಿಡಿಯೊ ಇದೆ, ಹನ್ನೆರಡು ಸೆಕೆಂಡಿನದು.
ನಾನು ತೆರೆದಿಲ್ಲ.

ಈ ಸಲ ಎಲ್ಲ ತುಂಬಿಸಿ
ತೊಂಬತ್ತೊಂದರ ಮುಂದೆ ಏನೂ ಬರೆಯದೆ ಕಳಿಸಿದೆ.
ಯಾಕೆ ಎಂದು ನನ್ನನ್ನೇ ಕೇಳಿಕೊಳ್ಳಲಿಲ್ಲ.
ಯಾರಿಗೂ ತಿಳಿಯದ ಗೌರವ, ಗೌರವವೋ, ಸಾಲವೋ,
ಒಂದು ಗೆರೆಯಷ್ಟು ಬಿಳಿ ಕಾಗದ.

ಸಂಜೆ ಡೆಸ್ಕಿನಿಂದ ಕೊವಾಲ್ಚಿಕ್:
"ಮುದುಕಾ, ಎಣಿಕೆ ಮರೆತೆಯಾ? ತೊಂಬತ್ತೊಂದು ಎಲ್ಲಿ?
ಅಚ್ಚಿಗೆ ಹತ್ತೇ ನಿಮಿಷ."
ಹಿಲ್ಡಿ ಕುರ್ಚಿಗಳನ್ನು ಮೇಜಿನ ಮೇಲೆ ಬೋರಲು ಹಾಕುತ್ತಿದ್ದಳು.
ನದಿಯಲ್ಲಿ ಕಲ್ಲಿದ್ದಲಿನ ದೋಣಿಯೊಂದು
ಯಾವ ಅವಸರವೂ ಇಲ್ಲದೆ ಇಳಿದು ಹೋಗುತ್ತಿತ್ತು.

"ಬರೆದುಕೋ," ಎಂದೆ.
ಜಿಗಿಮಾಂತಾಸ್ ಬ್ರಾಜ್ಡಾವ್‌ಸ್ಕಾಸ್.
ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ, ಎರಡು ಸಲ.
"ಹೇಗಿದ್ದಾನೆ ಇವನು?"
"ಚೆನ್ನಾಗಿದ್ದಾನೆ," ಎಂದೆ. "ಎರಡೂ ಕಡೆಗೆ."

ಅವನ ತಾಯಿ ಕೌನಾಸ್‌ನಲ್ಲಿದ್ದಾಳಂತೆ.
ಅಲ್ಲಿ ಈಗ ನಡುರಾತ್ರಿ.