ಸಾವಿನ್

ನಮ್ಮ ಕುಲಶೇಖರದಲ್ಲಿ ಚಳಿಗಾಲ ಎಂದರೆ ಇಷ್ಟೇ:
ಒಂದು ರಾತ್ರಿ ಫ್ಯಾನು ಐದರಿಂದ ಎರಡಕ್ಕೆ ಇಳಿಯುತ್ತದೆ,
ಬಾಟ್ಲಿಯೊಳಗೆ ತೆಂಗಿನೆಣ್ಣೆ
ಹೆಪ್ಪುಗಟ್ಟಲೋ ಬೇಡವೋ ಎಂದು ಯೋಚಿಸುತ್ತದೆ.

ಹನ್ನೊಂದು ವರ್ಷ ಐರ್ಲೆಂಡಿನ ಪಡು ಕಡಲ ಬದಿ
ಮುದುಕರ ಆಸ್ಪತ್ರೆಯಲ್ಲಿ ನನಗೆ ರಾತ್ರಿ ಪಾಳಿ.
ಏಳನೇ ಕೋಣೆಯ ಗೊಬ್ನಿತ್ ಅಜ್ಜಿ
ಸೆವ್ರಿನ್ ಎಂಬ ನನ್ನ ಹೆಸರು ಯಾವತ್ತೂ ನೆನಪಿಡಲಿಲ್ಲ,
ಅಕ್ಟೋಬರ್ ಮೂವತ್ತೊಂದು ಮಾತ್ರ ಮರೆಯಲಿಲ್ಲ.
"ಕಿಟಕಿ ಒಂಚೂರು ತೆರೆದಿಡು ಹುಡುಗೀ,
ಇವತ್ತು ಸಾವಿನ್."

ಸಾವಿನ —
ಎಂತ ಅಜ್ಜೀ? ಸಾವಿನ ಎಂತ?
ಕನ್ನಡ ಶಾಲೆಯ ಬೆಂಚಿನಲ್ಲಿ ಷಷ್ಠಿ ವಿಭಕ್ತಿಗೆ
ಪೆಟ್ಟು ತಿಂದವಳು ನಾನು,
ಮುಂದಿನ ಪದಕ್ಕೆ ಕಾದು ನಿಂತೆ.
ಅವಳ ಭಾಷೆಯಲ್ಲಿ ಮುಂದೆ ಪದವೇ ಇರಲಿಲ್ಲ.
ಹಬ್ಬದ ಹೆಸರೇ ಅದು. ಅಷ್ಟಕ್ಕೇ ಪೂರ್ತಿ.

ತಿಳಿದದ್ದು ತುಂಡು ತುಂಡು:
ಬೇಸಿಗೆ ಅಲ್ಲಿಗೆ ತೀರಿತು,
ದಿನ ಸಂಜೆಯಿಂದ ಹುಟ್ಟುವ ಹಾಗೆ
ವರ್ಷ ಕತ್ತಲಿಂದ ಹುಟ್ಟುವುದಂತೆ.
ಊರಿನ ಒಲೆಗಳನ್ನೆಲ್ಲ ಆರಿಸಿ
ಗುಡ್ಡದ ಮೇಲಿನ ಒಂದೇ ಬೆಂಕಿಯಿಂದ ಕೆಂಡ ತರುತ್ತಿದ್ದರಂತೆ,
ಎರಡು ಬೆಂಕಿಯ ನಡುವೆ ದನ ಹೊಡೆದು
ರೋಗವನ್ನು ಆಚೆಗೇ ಬಿಡುತ್ತಿದ್ದರಂತೆ.
ದಿಬ್ಬಗಳಿಗೆ ಬಾಗಿಲು ಉಂಟು, ಆ ರಾತ್ರಿ ತೆರೆಯುತ್ತದೆ.
ನೀಲಿ ಮುಖದ ಒಬ್ಬ ಮುದುಕಿ, ಒಂದೇ ಕಣ್ಣು,
ದೊಣ್ಣೆಯಿಂದ ನೆಲ ಬಡಿದಲ್ಲೆಲ್ಲ ಹಿಮ.
ಕಲ್ಲಿನಂಥ ಒಂದು ಗಡ್ಡೆ ಕೊಟ್ಟು
ಚಮಚದಲ್ಲಿ ಕೊರೆದು ಅದರೊಳಗೆ ದೀಪ ಇಡು ಅಂದಳು;
ಹೆಬ್ಬೆರಳಿನ ಗಾಯದ ಗುರುತು ಇನ್ನೂ ಉಂಟು.

"ಸತ್ತವರಿಗೆ ದಾರಿ ಗೊತ್ತಾ?" ಕೇಳಿದ್ದೆ.
"ದಾರಿ ಗೊತ್ತು. ಚಿಲಕ ತೆಗೆಯಲು ಗೊತ್ತಿಲ್ಲ."

ಫೆಬ್ರವರಿಯಲ್ಲಿ ಹೋದಳು.
ಬಿಸಿನೀರ ಬಟ್ಟೆಯಲ್ಲಿ ಮೈ ಒರೆಸಿ ಕೂದಲು ಬಾಚಿ
ಕಿಟಕಿ ಒಂಚೂರು ತೆರೆದಿಟ್ಟದ್ದು ನಾನು.

ಈ ವರ್ಷ ಇಲ್ಲಿ ಸತ್ತವರ ದಿನವೂ ದೀಪಾವಳಿಯೂ
ಒಂದೇ ವಾರದಲ್ಲಿ ಒತ್ತಿಕೊಂಡು ಬಂದಿವೆ.
ಪಪ್ಪನ ಗೋರಿಗೆ ಸುಣ್ಣ ಬಳಿದು ಮೊಂಬತ್ತಿ ಹಚ್ಚಿ ಬಂದಾಯ್ತು.
ಪಕ್ಕದ ಯಮುನಕ್ಕ ಗದ್ದೆ ಮಾರಿ ಹದಿನೈದು ವರ್ಷ,
ಕೂಗುವ ಗಂಡಸರೂ ಮನೆಯಲ್ಲಿಲ್ಲ;
ಇಂಟರ್‌ಲಾಕ್ ಅಂಗಳದಲ್ಲಿ ಪೈಂಟಿನ ಡಬ್ಬಿಗೆ ಮಣ್ಣು ತುಂಬಿ
ಹಾಲೆಮರದ ಕೊಂಬೆ ನೆಟ್ಟು ದೀಪ ಇಟ್ಟು
ಪಾತಾಳಕ್ಕೆ ಹೋದ ಅರಸನನ್ನು ತಾನೇ ಕರೆಯುತ್ತಾಳೆ:
ಬಲೀಂದ್ರಾ, ಕೂ!
ಎಂದೂ ಆಗದ್ದು ಆದ ದಿನ ಬಾ ಎಂದು ಕಳಿಸಿದವನನ್ನು
ಇವತ್ತೇ ಬಾ ಎಂದು.
ಮೂರನೇ ಮಹಡಿಯ ಫ್ಲ್ಯಾಟಿನವರು ಬಗ್ಗಿ ನೋಡಿ
ಪರದೆ ಎಳೆದರು.

ನಾನು ಚಿಲಕ ತೆಗೆದೆ.
ಪಪ್ಪನಿಗೆಂದು ಎರಡು ಸನ್ನ, ಸ್ವಲ್ಪ ದುಕ್ರಾ ಮಾಸ್,
ಒಂದು ಪೆಗ್ಗು, ನೀರು ಬೇಡ, ಸೋಡವೇ ಆಗಬೇಕು ಅವನಿಗೆ.
ಕೊನೆಯ ಬಸ್ಸು ಬಿಕರ್ನಕಟ್ಟೆ ಕಡೆಗೆ ಹೋದ ಮೇಲೆ
ಕುರ್ಚಿ ಎಳೆದ ಸದ್ದು.

ಪಪ್ಪ ಅಲ್ಲ.
ಉಣ್ಣೆಯ ಕಾರ್ಡಿಗನ್ನು, ಕಾಲಿಗೆ ಆಸ್ಪತ್ರೆಯ ಸಾಕ್ಸು,
ಬದುಕಿರುವಾಗ ಜಿಲ್ಲೆಯ ಗಡಿ ದಾಟದವಳು!
ಸನ್ನವನ್ನು ಬೆರಳಲ್ಲಿ ಒತ್ತಿ ನೋಡಿದಳು,
ಬ್ರೆಡ್ಡೋ ಹತ್ತಿಯೋ ಎಂದು.
ಕುತ್ತಿಗೆಯ ಬೆವರು ಒರೆಸಿ
"ಎಂತ ಸೆಕೆ ಮಾರಾಯ್ತಿ" ಅಂದಳು, ಯಾವ ಭಾಷೆಯಲ್ಲೋ.

"ನಿಮ್ಮ ಊರಿಗೆ ಹೋಗಲಿಲ್ಲವಾ?"
"ಅಲ್ಲಿ ಈಗ ಕಾರ್ಡು ಒತ್ತಿದರೆ ತೆರೆಯುವ ಬಾಗಿಲು."

ಪಪ್ಪ ಲಾರಿಯವನು, ಊಟಕ್ಕೆ ಮನೆ ಮುಟ್ಟಿದ್ದು ಕಡಿಮೆ.
ಶಿರಾಡಿಯ ಆಚೆ ಎಲ್ಲೋ
ಯಾರೋ ಯಾರಿಗೋ ಬಡಿಸಿಟ್ಟು ಮಲಗಿರಬೇಕು.

ಎದ್ದು ಫ್ಯಾನು ಐದಕ್ಕೆ ತಿರುಗಿಸಿದೆ.
ಉಣ್ಣಲಿ.