ಬಣ್ಣದ ಹಾಳೆಯಲ್ಲಿ ಇಲ್ಲದ್ದು

ಆ ಕಾರ್ಟೂನು ನಾನು ನೋಡಿದವಳಲ್ಲ.
ಹಾಂಗ್‌ಕಾಂಗಿನ ಕ್ವುನ್ ಟಾಂಗ್, ಆರನೇ ಮಹಡಿ;
ಕಿಟಕಿ ತೆರೆದರೆ ಎದುರು ಕಾರ್ಖಾನೆಯ ಕಿಟಕಿ.
ಅಲ್ಲಿ ವಿಗ್ಗು ಹೆಣೆಯುವ ಹುಡುಗಿಯರು,
ಇಲ್ಲಿ ಥಿನ್ನರಿನ ಘಾಟಿನಲ್ಲಿ
ಅಮೆರಿಕದ ಮಕ್ಕಳ ಶನಿವಾರಗಳಿಗೆ
ಬಣ್ಣ ಹಚ್ಚುವ ನಾವು.

ಓಹಾಯೋದಿಂದ ಬಂದದ್ದು ಒಂದೇ ಹಾಳೆ.
ಅದರಲ್ಲಿ ಹನ್ನೆರಡು ಡೈನೋಸಾರು,
ಮೈತುಂಬ ಬಾಣ, ಬಾಣದ ತುದಿಗೆ ಅಂಕಿ.
ಬೆನ್ನು ಮುನ್ನೂರ ನಲವತ್ತೆಂಟು. ಹೊಟ್ಟೆ ನೂರಿಪ್ಪತ್ತೇಳು.
ಏಳನೆಯದಕ್ಕೆ ಅಂಚೆಯವನ ಟೋಪಿ, ಹೆಗಲಿಗೆ ಚೀಲ.
ಇವನು ಒಳ್ಳೆಯವನೋ ಕೆಟ್ಟವನೋ, ಕೇಳಿದೆ.
ಮೇಸ್ತ್ರಿ ಯುಂಗ್ ತಲೆಯೆತ್ತದೆ ಅಂದ:
"ಅಂಚೆಯವನಿಗೆ ಕೆಟ್ಟವನಾಗಲು ಪುರುಸೊತ್ತೆಲ್ಲಿ?"

ಮೊದಲ ಅಚ್ಚಿಗೆ ಯಂತ್ರದಲ್ಲಿ ಉಳಿದ ಪ್ಲಾಸ್ಟಿಕ್ಕೇ ಗತಿ:
ಬಕೆಟ್ಟಿನ ನೀಲಿ ಕಾಲು,
ಚಪ್ಪಲಿಯ ಹಳದಿ ತಲೆ,
ಬಾಲ ಮಾತ್ರ ಯಾಕೋ ಬೆಣ್ಣೆಯ ಬಿಳಿ.
ಅದರ ಮೇಲೆ ನನ್ನ ಕುಂಚ.

ಬಾಯೊಳಕ್ಕೆ ಅಂಕಿ ಇರಲಿಲ್ಲ.
ಟೆಲೆಕ್ಸ್ ಹೊಡೆದು ಕಾಯಿ ಎಂದ ಯುಂಗ್.
ಕಾಯಲಿಲ್ಲ.
ಹೊಸವರ್ಷಕ್ಕೆ ಅತ್ತೆ ದುಡ್ಡಿಟ್ಟು ಕೊಡುವ
ಲಕೋಟೆಯ ಕೆಂಪು ಹಚ್ಚಿದೆ.
ಅಂಚೆಯವನಲ್ಲವೆ, ಬಾಯಲ್ಲೊಂದು ಲಕೋಟೆ ಇರಲಿ ಅಂತ.

ಮೂರನೇ ದಿನ ಉತ್ತರ ಬಂತು,
ಬಾಯಿಯ ಸುದ್ದಿಯೇ ಇಲ್ಲ.
ಕಾರ್ಟೂನು ನಿಂತಿದೆ, ಕೆಲಸ ನಿಲ್ಲಿಸಿ,
ಮಾದರಿಗಳನ್ನು ಒಡೆಯಿರಿ,
ಒಡೆದದ್ದರ ಫೋಟೋ ಕಳಿಸಿ.

ಕೂಸಿಗಿಂತ ಮುಂಚೆ ಕುಲಾವಿ ಹೊಲಿದಾಗಿತ್ತು:
ನಲವತ್ತು ಸಾವಿರ ರಟ್ಟಿನ ಪೆಟ್ಟಿಗೆ,
ಒಂದೊಂದರ ಮೇಲೂ ನಗುವ ಮುಖ.
ಆ ಚಳಿಗಾಲವೆಲ್ಲ ಅವನ್ನೇ ಬಿಚ್ಚಿ
ಊಟದ ಮೇಜಿಗೆ ಹಾಸಿದರು.
ಯಾರದೋ ಕೆನ್ನೆಯ ಮೇಲೆ ಯಾರದೋ ಸಾರಿನ ಉಂಗುರ.
ಉಕ್ಕಿನ ಅಚ್ಚನ್ನು ಕೆರೆದು ಸಾಬೂನಿನ ಡಬ್ಬಿ ಮಾಡಿದರು;
ತಳಕ್ಕೆ ಬೆರಳಾಡಿಸಿದರೆ ಕೆಲವದರಲ್ಲಿ
ಸಣ್ಣ ಸಣ್ಣ ಹುರುಪೆ ತಗಲುತ್ತಿತ್ತು.

ಡೈನೋಸಾರು ಅಳಿದವು ಅಂತ ಶಾಲೆಯಲ್ಲಿ ಓದಿದ್ದೆ.
ಅಳಿಯಲಿಕ್ಕಾದರೂ ಒಮ್ಮೆ ಹುಟ್ಟಬೇಕು.

ಫೋಟೋದಲ್ಲಿದ್ದದ್ದು ಹನ್ನೊಂದರ ಚೂರು.
ಚೂರುಗಳನ್ನು ಯಾರು ಎಣಿಸುತ್ತಾರೆ?
ಏಳನೆಯದು ಊಟದ ಡಬ್ಬಿಯಲ್ಲಿ
ಮಿಕ್ಕ ಅನ್ನದ ಕೆಳಗೆ ಮಲಗಿ
ಬಸ್ಸು ಹತ್ತಿ ಮನೆಗೆ ಬಂತು.
ಚುನ್-ಕಿಟ್‌ಗೆ ಆಗ ಎರಡನೇ ಹಲ್ಲು ಮೂಡುವ ತಿಂಗಳು.
ಮಾತು ಬಂದಮೇಲೆ ಅವನೇ ಹೆಸರಿಟ್ಟ:
ಆ-ಸೊನ್. ನಮ್ಮ ಮಾತಿನಲ್ಲಿ, ಕಾಗದಪ್ಪ.

ಮೂವತ್ತು ವರ್ಷ ಕಳೆದು ಡೇಟನ್ನಿನಿಂದ ಒಬ್ಬ ಬಂದ.
ಒಸ್ಟರ್‌ಹೌಸ್ ಅಂತೆ, ಅಕೌಂಟೆಂಟು, ಅರ್ಧ ಬೋಳು ತಲೆ.
ಬಿಳಿ ಕೈಗವಸು ಹಾಕಿಕೊಂಡು, ಭೂತಗನ್ನಡಿ ಹಿಡಿದು
ಕಾಗದಪ್ಪನನ್ನು ತಿರುಗಿಸಿ ತಿರುಗಿಸಿ ನೋಡಿದ.
ಜಗತ್ತಿನಲ್ಲಿ ಇದೊಂದೇ, ಅಂದ. ಧ್ವನಿ ನಡುಗಿತು.
ಆಮೇಲೆ ಅಕೌಂಟೆಂಟೇ ಮಾತಾಡಿದ:
ಬಾಲದ ಮೇಲೆ ಹಲ್ಲಿನ ಗುರುತಿದೆ, ಬೆಲೆ ಅರ್ಧ.
ಬಾಯಿ ಗುಲಾಬಿ ಇರಬೇಕಿತ್ತು,
ಕೆಂಪು ತಪ್ಪು; ಇನ್ನೊಂದಿಷ್ಟು ಕಡಿತ.

ಚಹಾ ಬಗ್ಗಿಸಿದೆ. ಎಷ್ಟನೇ ವಯಸ್ಸಿನಲ್ಲಿ ನೋಡಿದ್ದೆ, ಕೇಳಿದೆ.
ಆರು, ಅಂದ.
ಹದಿಮೂರು ವಾರ ತೋರಿಸಿ ನಿಲ್ಲಿಸಿಬಿಟ್ಟರು.
ಆ ಕ್ರಿಸ್‌ಮಸ್‌ಗೆ ಇವನನ್ನೇ ಬೇಡಿದ್ದೆ,
ಅಂಗಡಿಯಲ್ಲಿ ಇಲ್ಲ ಅಂದಳಂತೆ ತಾಯಿ.
ಸುಳ್ಳು ಹೇಳುತ್ತಿದ್ದಾಳೆ ಅಂತಲೇ
ಎಷ್ಟೋ ವರ್ಷ ನಂಬಿದ್ದನಂತೆ.

ಕೈಗವಸು ಕಳಚಿದ.
ಬಾಗಿಲ ಕಡೆ ಒಮ್ಮೆ ನೋಡಿ,
ಬಟ್ಟಲುಗಳ ನಡುವೆ ಕಾಗದಪ್ಪನನ್ನು ನಡೆಸಿದ,
ಟಕ್, ಟಕ್, ಸಕ್ಕರೆ ಡಬ್ಬಿ ಬಳಸಿ,
ಚಮಚದ ಮೇಲೆ ಹಾರಿಸಿ,
ನನ್ನ ಬಟ್ಟಲಿನ ಮುಂದೆ ನಿಲ್ಲಿಸಿದ.
ಕೆಂಪು ಬಾಯಿ ನನ್ನ ಕಡೆಗೆ.
ತುಸು ಮುಂದಕ್ಕೆ ಬಾಗಿಸಿದ.

ನಾನು ಕೈ ಚಾಚಿದೆ.