ತುಳಿಯದ ಕವಲು

ತಾರ್ತುವಿನಲ್ಲಿ ಡಿಸೆಂಬರಿಗೆ ಮೂರೂವರೆಗೇ ಕತ್ತಲು.
ಎಮಾಯೋಗಿ ಹೊಳೆಯ ಅಂಚಿಗೆ ಕೆನೆಗಟ್ಟಿದ ಹಾಗೆ ಮಂಜು.
ಕಿಟಕಿಗೆ ಬೆನ್ನು ಹಾಕಿ ಕೂತಿದ್ದಾಳೆ ಉರ್ವೆ ಟಾಲ್ವಿಕ್,
ಎದುರಿಗೆ ಕಂಪೈಲರು, ಪಕ್ಕಕ್ಕೆ ಆರಿದ ಕಾಫಿ,
ಕಚ್ಚಿಟ್ಟ ಕರಿರೊಟ್ಟಿ.

ಸಾರೆಮಾ ದ್ವೀಪದಿಂದ ಒಬ್ಬ ಹುಡುಗನ ಪತ್ರ,
ಮೀನುದೋಣಿಯ ಪಂಪಿಗೆ ಪ್ರೋಗ್ರಾಂ ಬರೆಯುವವನು:
‘ಇದು ಸ್ಥಿರಾಂಕವಲ್ಲ ಅನ್ನುತ್ತದೆ ನಿಮ್ಮ ಕಂಪೈಲರು.
ಅಷ್ಟೇ. ಬೈದದ್ದು ಒಂಬತ್ತನೇ ಸಾಲಿಗೆ.
ಅಲ್ಲಿರುವುದು, ಪಾಪ, ಮುಚ್ಚಿದ ಒಂದು ಆವರಣ.
ಎರಡು ದಿನ ಹುಡುಕಿದೆ.’

ಎತ್ತಿಗೆ ಜ್ವರ, ಎಮ್ಮೆಗೆ ಬರೆ.

ಓಡುವ ಮೊದಲೇ ತಿಳಿಯುವುದನ್ನು
ಓಡುವ ಮೊದಲೇ ತಿಳಿದಿಡಬೇಕು: ಅವಳ ಕೆಲಸ ಇಷ್ಟು.
ಅರವತ್ತು ಸಲ ಅರವತ್ತು, ದಡದಲ್ಲೇ ಗುಣಿಸಿ ಕೊಟ್ಟರೆ
ನಡುಕಡಲಲ್ಲಿ ಪಂಪು ಬೆರಳು ಮಡಚಬೇಕಿಲ್ಲ.
ಆದರೆ ಲೆಕ್ಕ ನಡುವೆ ಮುರಿದರೆ?
ಮುರಿಯಿತು ಎಂದರೆ ಸಾಕೆ?

ಅವಳಿಗೆ ಏಳು ವರ್ಷವಿದ್ದಾಗ ಅಮ್ಮ ಲೇಯ್ಡಾ
ಸ್ವೀಡನ್ನಿನಲ್ಲಿದ್ದ ಅಕ್ಕನನ್ನು ಒಮ್ಮೆ ನೋಡಿಬರಲು
ಅರ್ಜಿ ಹಾಕಿದ್ದಳು.
ನೇರಳೆ ಮೊಹರಿನ ಕಾಗದ ಬಂತು: ನಿರಾಕರಿಸಲಾಗಿದೆ.
ಅಮ್ಮ ಅದನ್ನು ತಿರುವಿ ಹಿಂಬದಿ ನೋಡಿದಳು.
ದೀಪಕ್ಕೆ ಹಿಡಿದು ನೋಡಿದಳು.
ಆಮೇಲೆ ಗುಂಡಿಗಳ ಡಬ್ಬಿಯಲ್ಲಿಟ್ಟಳು.

ಉರ್ವೆ ಹನ್ನೊಂದು ದಿನ ಕೂತು ಬರೆದಳು.
ಈಗ ಪ್ರತಿ ಬೆಲೆಯೂ ತಾನು ನಡೆದ ದಾರಿಯನ್ನು
ಸೆರಗಿಗೆ ಗಂಟು ಹಾಕಿಕೊಂಡು ಬರುತ್ತದೆ:
ನಾಲ್ಕನೇ ಸಾಲಲ್ಲಿ ಕರೆದಿರಿ,
ಮೂವತ್ತೊಂದರಲ್ಲಿ ಭಾಗಿಸಿದಿರಿ,
ಭಾಜಕ ಅಲ್ಲಿ ಸೊನ್ನೆ.

ಸಂತೋಷಕ್ಕೆ ಅರ್ಧ ದಿನದ ಆಯಸ್ಸು.
ಸಂಜೆಗೆ ಪರೀಕ್ಷೆಯ ಹಲಗೆ ತುಂಬ ಕೆಂಪು;
ನೆಟ್ಟಗಿದ್ದ ಇನ್ನೂರ ಹನ್ನೆರಡು ಪ್ರೋಗ್ರಾಂ ಮಗುಚಿದ್ದವು.
‘ಸೊನ್ನೆಯಾದರೆ ಹಿಂದಿರುಗು, ಇಲ್ಲವಾದರೆ ಭಾಗಿಸು’
ಎಂದು ಎಚ್ಚರದಿಂದ ಬರೆದವರನ್ನೂ ಅದು ಹಿಡಿದಿತ್ತು.
ಎರಡೂ ಕವಲಿಗೆ ತಾನೇ ಹೊಕ್ಕು
ಕಟ್ಟೆ ಕಟ್ಟಿದ ಬಾವಿಯನ್ನು ಹತ್ತಿ ಹಾರಿ
ಬಿದ್ದೆನೆಂದು ಬೊಬ್ಬೆ ಹಾಕಿತ್ತು.

ತಾಲಿನ್ನಿನಿಂದ ಇಲ್ಮಾರ್ ತಿದ್ದಿ ಬರೆದದ್ದು ಒಂದೇ ಸಾಲು:
‘ಆ ಕಡೆ ಯಾರೂ ಹೋಗಲೇ ಇಲ್ಲವಲ್ಲ, ಉರ್ವೆ.’

ಅವಳ ಕೈ ಕೀಲಿಮಣೆಯ ಮೇಲೆ ನಿಂತಿತು.
ಅಮ್ಮ ಹೋದರೆ ಮರಳುವುದಿಲ್ಲ ಎಂದು
ಯಾರೋ ಒಬ್ಬ, ಮೇಜಿನ ಹಿಂದೆ ಕೂತು,
ಅವಳು ಇಡದ ಹೆಜ್ಜೆಗಳನ್ನು ಮೊದಲೇ ಎಣಿಸಿದ್ದನೇ?
ಇರಬಹುದು. ಇಲ್ಲದೆಯೂ ಇರಬಹುದು.
ಕಾಗದದ ಹಿಂಬದಿ ಈಗಲೂ ಖಾಲಿ.

ರಾತ್ರಿ ಒಂದು ಗಂಟೆಗೆ ಆರು ಸಾಲು ಅಳಿಸಿದಳು, ಎರಡು ಸೇರಿಸಿದಳು:
ಮೊದಲು ಷರತ್ತನ್ನು ಕೇಳು.
ತುಳಿಯದ ಕವಲಿನ ಬಗ್ಗೆ ಬಾಯಿ ಬಿಡಬೇಡ.

ಶುಕ್ರವಾರ ದ್ವೀಪದಿಂದ ಉತ್ತರ:
‘ಮೂವತ್ತೊಂದು, ಹೌದು. ಸೊನ್ನೆ ನನ್ನದೇ.
ಪಂಪು ನೀರೆತ್ತುತ್ತಿದೆ.
ಹೊಗೆ ಹಾಕಿದ ಮೀನು ಇಲ್ಲಿ ಅಗ್ಗ, ದೋಣಿ ದಿನವೂ ಇದೆ,
ಬನ್ನಿ.’